ರಾಗಿಯ ಸೀಮೆಯಲ್ಲಿ ಮಾಲ್ಟಿನ ಗಣಿತ

ಮಾಗಡಿಯ ದಿಣ್ಣೆಗಳಿಂದ ಕನಕಪುರದ ಕಾಡಂಚಿನವರೆಗೆ, ರಾಮನಗರ ಚನ್ನಪಟ್ಟಣಗಳನ್ನು ಒಳಗೊಂಡು ಹಬ್ಬಿರುವ ಕೆಮ್ಮಣ್ಣಿನ ಸೀಮೆಯಲ್ಲಿ, ರಾಗಿಯನ್ನು ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಆರಿಸಿ, ಹದವಾಗಿ ಹುರಿದು, ಬೀಸಿ, ಕೂಸಿಗೂ ಬಾಣಂತಿಗೂ ಕಾಯಿಸಿ ಕೊಡುವ ಕ್ರಮವನ್ನು ಅರಿಯದ ಮನೆ ಅಪರೂಪ. ಯೂರೋಪಿನ ಬಿಯರ್ ತಯಾರಕನು ಮಾಲ್ಟಿಂಗ್ ಎಂದು ಕರೆದು, ಅದಕ್ಕಾಗಿ ಪ್ರತ್ಯೇಕ ಕಟ್ಟಡಗಳನ್ನೂ ಒಣಗಿಸುವ ಗೂಡುಗಳನ್ನೂ ಕಟ್ಟಿ, ತಲೆಮಾರುಗಳ ಕಾಲ ಅಭ್ಯಾಸ ಮಾಡಿದ ವಿದ್ಯೆಯು ತತ್ತ್ವತಃ ಇದೇ ಆಗಿರುವುದನ್ನು ನಮ್ಮ ಹಳ್ಳಿಯ ಗೃಹಿಣಿಗೆ ಯಾರೂ ಹೇಳಿದಂತಿಲ್ಲ. ಹೇಳಿದ್ದರೂ ಆಕೆ ಅದರಿಂದ ವಿಶೇಷವಾಗಿ ಹಿಗ್ಗುತ್ತಿದ್ದಳೆಂದು ನಾನು ನಂಬಲಾರೆ. ಹೀಗೆ ಅರ್ಧ ವಿದ್ಯೆಯನ್ನು ಅಡಿಗೆಮನೆಯಲ್ಲಿ ಇಟ್ಟುಕೊಂಡಿರುವ ಈ ಸೀಮೆಯವನೊಬ್ಬನು ಮಿಕ್ಕರ್ಧವನ್ನು ಕಲಿಯಬಯಸಿದರೆ ಅವನಿಗೆ ಎದುರಾಗುವ ಪ್ರಶ್ನೆಗಳಾವುವು, ಅವುಗಳಲ್ಲಿ ಧಾನ್ಯಕ್ಕೆ ಸಂಬಂಧಿಸಿದುವೆಷ್ಟು, ಪಾತ್ರೆಗೆ ಸಂಬಂಧಿಸಿದುವೆಷ್ಟು, ಕಾನೂನಿಗೆ ಸಂಬಂಧಿಸಿದುವೆಷ್ಟು ಎಂಬುದನ್ನು ಒಟ್ಟಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮನೆಯ ಮಟ್ಟದಲ್ಲಿ ಬಿಯರ್ ತಯಾರಿಕೆಯನ್ನು ಅಭ್ಯಸಿಸುವವರು ಎರಡು ಮಾರ್ಗಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕಾರ್ಖಾನೆಯು ಮಾಲ್ಟಿನಿಂದ ರಸ ತೆಗೆದು ಗಟ್ಟಿಗೊಳಿಸಿ ಡಬ್ಬಿಯಲ್ಲಿ ತುಂಬಿದ ಪಾಕವನ್ನು ನೀರಿನಲ್ಲಿ ಕದಡಿ ಮುಂದುವರಿಯುವುದು ಸುಲಭದ ದಾರಿ. ಮೊಳೆತು ಒಣಗಿದ ಕಾಳನ್ನೇ ತಂದು, ಒಡೆದು, ನಿಯತವಾದ ಶಾಖದ ನೀರಿನಲ್ಲಿ ಒಂದು ಗಂಟೆಯ ಕಾಲ ನೆನೆಯಿಸಿ, ಕಾಳಿನ ಪಿಷ್ಟವು ಅದರದೇ ಕಿಣ್ವಗಳಿಂದ ಸಕ್ಕರೆಯಾಗಿ ಮಾರ್ಪಟ್ಟ ಬಳಿಕ ರಸವನ್ನು ಬಸಿದು, ಕುದಿಸಿ, ಆರಿಸಿ, ಯೀಸ್ಟಿಗೆ ಒಪ್ಪಿಸುವುದು ಎರಡನೆಯ ದಾರಿ. ಇದನ್ನು ಪೂರ್ಣಧಾನ್ಯ ಪದ್ಧತಿಯೆನ್ನಬಹುದು. ಮೊದಲನೆಯದರಲ್ಲಿ ಕಲಿಯತಕ್ಕದ್ದು ಶುಚಿತ್ವ ಮಾತ್ರ. ಎರಡನೆಯದರಲ್ಲಿ ಶುಚಿತ್ವದ ಜೊತೆಗೆ ಲೆಕ್ಕವೂ ಬೇಕು: ಎಷ್ಟು ಕಾಳು, ಎಷ್ಟು ನೀರು, ಯಾವ ಶಾಖ, ಯಾವ ಗಾತ್ರದ ಪಾತ್ರೆ. ಈ ಲೆಕ್ಕದ ಸೂತ್ರಗಳು ಎಲ್ಲ ಪುಸ್ತಕಗಳಲ್ಲಿಯೂ ಒಂದೇ ಆಗಿದ್ದರೂ, ಸೂತ್ರದೊಳಕ್ಕೆ ಹೋಗಬೇಕಾದ ಅಂಕಿಗಳು ಒಂದೊಂದು ಮನೆಯಲ್ಲಿ ಒಂದೊಂದು. ಪುಸ್ತಕದ ಅಂಕಿಯನ್ನೇ ತನ್ನ ಹಂಡೆಗೂ ಹಚ್ಚುವವನು ಪರರ ಜಾತಕವನ್ನು ತನ್ನದೆಂದು ಓದಿಕೊಂಡವನಷ್ಟೇ ಪ್ರಯೋಜನ ಪಡೆಯುತ್ತಾನೆ. ಈ ವಿಷಯವಾಗಿ ನನಗೆ ಹೇಳಬೇಕಾಗಿರುವ ಮುಖ್ಯ ಮಾತು ಇದೇ.

ಲೆಕ್ಕಕ್ಕೆ ಬರುವ ಮುನ್ನ ಈ ಸೀಮೆಯ ಪೂರ್ವವೃತ್ತಾಂತವನ್ನು ಕೊಂಚ ನೋಡಬೇಕು. ರಾಗಿಯು ಮೂಲತಃ ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳ ಧಾನ್ಯ. ಉಗಾಂಡದ ತೇಸೊ ಜನರು ಇಂದಿಗೂ ರಾಗಿಯನ್ನು ಮೊಳೆಯಿಸಿ ಅಜೋನೊ ಎಂಬ ಪಾನೀಯವನ್ನು ಮಾಡಿ, ನಡುವೆ ಇಟ್ಟ ಮಡಕೆಯಿಂದ ಉದ್ದನೆಯ ಕೊಳವೆಗಳ ಮೂಲಕ ಒಟ್ಟಾಗಿ ಕುಡಿಯುತ್ತಾರೆ. ಅದೇ ರಾಗಿಯು ಪೂರ್ವ ನೇಪಾಳ ಸಿಕ್ಕಿಂಗಳಲ್ಲಿ ತೊಂಗ್ಬಾ ಆಗುತ್ತದೆ. ಆದರೆ ಅಲ್ಲಿನ ಕ್ರಮ ಬೇರೆ. ಅಲ್ಲಿ ಕಾಳನ್ನು ಮೊಳೆಯಿಸುವುದಿಲ್ಲ, ಬೇಯಿಸಿ ಮರ್ಚಾ ಎಂಬ ಹುದುಗಿನ ಬಿಲ್ಲೆಯನ್ನು ಪುಡಿ ಮಾಡಿ ಬೆರೆಸುತ್ತಾರೆ. ಪಿಷ್ಟವನ್ನು ಒಡೆಯುವ ಕೆಲಸವನ್ನು ಆ ಬಿಲ್ಲೆಯಲ್ಲಿರುವ ಬೂಷ್ಟುಗಳು ಮಾಡುತ್ತವೆ. ಹೀಗೆ ಒಂದೇ ಧಾನ್ಯದಿಂದ ಒಂದು ಕಡೆ ಮೊಳಕೆಯ ದಾರಿಯಲ್ಲಿಯೂ ಇನ್ನೊಂದು ಕಡೆ ಬೂಷ್ಟಿನ ದಾರಿಯಲ್ಲಿಯೂ ಮದ್ಯವು ಹುಟ್ಟಿರಲಾಗಿ, ಇವೆರಡರ ನಡುವೆ ಇರುವ ನಮ್ಮ ಸೀಮೆಯು ಮೊಳಕೆಯ ವಿದ್ಯೆಯನ್ನು ಚೆನ್ನಾಗಿ ಬಲ್ಲದಾದರೂ ಅದನ್ನು ಅಂಬಲಿ, ಹುರಿಹಿಟ್ಟು, ಕೂಸಿನ ಸರಿಗಳ ಆಚೆಗೆ ಒಯ್ಯಲಿಲ್ಲ. ಅಮಲಿನ ಅವಶ್ಯಕತೆಯನ್ನು ಇಲ್ಲಿ ಪ್ರಧಾನವಾಗಿ ಪೂರೈಸಿದುದು ಈಚಲ ಮರ. ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ಮರದಿಂದ ಬೆಳಗ್ಗೆ ಇಳಿಸಿದ ರಸವು ಮಧ್ಯಾಹ್ನಕ್ಕೆ ಹೆಂಡವಾಗುವಾಗ, ಆರು ತಿಂಗಳು ದುಡಿದು ಕಣಕ್ಕೆ ತಂದ ರಾಗಿಯನ್ನು ಯಾರು ತಾನೆ ಮಡಕೆಗೆ ಸುರಿಯುತ್ತಾರೆ? ಬರಗಾಲದ ಭಯದಿಂದ ಹಗೇವಿನಲ್ಲಿ ಮುಚ್ಚಿಡುತ್ತಿದ್ದ ಧಾನ್ಯವದು. ಆದುದರಿಂದ ಇಲ್ಲಿ ಧಾನ್ಯವು ಹೊಟ್ಟೆಗೂ ಮರವು ಅಮಲಿಗೂ ಎಂದು ಒಂದು ಅಲಿಖಿತವಾದ ವಿಭಾಗವಾಯಿತೆಂದು ನಾನು ಊಹಿಸುತ್ತೇನೆ.

ಆ ಎರಡನೆಯ ಭಾಗವೂ ಈಗ ಉಳಿದಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಒಳನಾಡಿನ ಜಿಲ್ಲೆಗಳಲ್ಲಿ ಹೆಂಡ ಇಳಿಸುವುದು ನಿಂತಿತು. ೨೦೦೭ರ ಜುಲೈ ೧ರಿಂದ ಸಾರಾಯಿಯ ಮಾರಾಟವೂ ರಾಜ್ಯದಲ್ಲಿ ನಿಷಿದ್ಧವಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಎಚ್. ಡಿ. ಕುಮಾರಸ್ವಾಮಿಯವರು ರಾಮನಗರದ ಶಾಸಕರೇ ಆಗಿದ್ದರೆಂಬುದನ್ನೂ, ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ರಾಮನಗರ ಜಿಲ್ಲೆಯು ರಚಿತವಾದುದು ಅದೇ ೨೦೦೭ರ ಆಗಸ್ಟ್ ತಿಂಗಳಲ್ಲೆಂಬುದನ್ನೂ ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು. ೧೯೬೫ರ ಅಬಕಾರಿ ಅಧಿನಿಯಮದ ಪ್ರಕಾರ ಸನ್ನದು ಇಲ್ಲದೆ ಮಾದಕ ಪಾನೀಯವನ್ನು ತಯಾರಿಸುವುದು ಅಪರಾಧ. ಮನೆಯ ಬಳಕೆಗೆಂದು ಬಿಯರ್ ಮಾಡಿಕೊಳ್ಳುವವನಿಗೆ, ಇಂಗ್ಲೆಂಡಿನಲ್ಲಿ ೧೯೬೩ರಲ್ಲಿಯೂ ಅಮೆರಿಕದಲ್ಲಿ ೧೯೭೮ರಲ್ಲಿಯೂ ದೊರೆತ ರಿಯಾಯಿತಿ ಇಲ್ಲಿ ದೊರೆತಿಲ್ಲ. ಇದನ್ನು ಕೇವಲ ಸರ್ಕಾರದ ವರಮಾನದ ಆಸೆಯೆಂದು ತಳ್ಳಿಹಾಕಲಾಗದು. ೧೯೮೧ರಲ್ಲಿ ಬೆಂಗಳೂರಿನಲ್ಲಿ ವಿಷಯುಕ್ತ ಮದ್ಯವನ್ನು ಕುಡಿದು ಮುನ್ನೂರಕ್ಕೂ ಮಿಕ್ಕಿ ಜನ ಸತ್ತ ನೆನಪು ಹಳಬರಲ್ಲಿ ಇನ್ನೂ ಇದೆ. ಕಳ್ಳಭಟ್ಟಿಯೆಂಬ ಮಾತಿಗೆ ನಮ್ಮ ಹಳ್ಳಿಗಳಲ್ಲಿರುವ ಅಪಕೀರ್ತಿ ಸಕಾರಣವಾದುದು. ಮದ್ಯವನ್ನು ಬಟ್ಟಿಯಿಳಿಸುವುದಕ್ಕೂ ಧಾನ್ಯದ ರಸವನ್ನು ಹುದುಗಿಸುವುದಕ್ಕೂ ಅಪಾಯದಲ್ಲಿ ಅಜಗಜಾಂತರವಿದ್ದರೂ ಕಾನೂನು ಆ ಭೇದವನ್ನು ಎಣಿಸುವುದಿಲ್ಲ. ಹಾಗಾದರೆ ಇಲ್ಲಿನ ಅಭ್ಯಾಸಿಗೆ ಉಳಿದ ಕ್ಷೇತ್ರವಾವುದೆಂದರೆ, ಮೊಳಕೆಯಿಂದ ಹಿಡಿದು ಕುದಿಸಿದ ಸಿಹಿರಸದವರೆಗಿನ ಎಲ್ಲ ಹಂತಗಳು. ಯೀಸ್ಟ್ ಸೇರದ ಆ ರಸವು ಮದ್ಯವಲ್ಲ. ಬಿಸಿಯಾಗಿಯೇ ಅದನ್ನು ಕುಡಿಯಬಹುದು. ಪೂರ್ಣಧಾನ್ಯ ಪದ್ಧತಿಯ ಲೆಕ್ಕಾಚಾರವೆಲ್ಲವೂ ಬಹುಮಟ್ಟಿಗೆ ಈ ಮೇರೆಯೊಳಗೇ ಮುಗಿಯುವುದು ಅಭ್ಯಾಸಿಯ ಸುದೈವ. ಆದರೆ ನಮ್ಮ ಸೆಕೆಯಲ್ಲಿ ರಸವನ್ನು ಒಂದೆರಡು ದಿನ ತೆರೆದಿಟ್ಟರೆ ಗಾಳಿಯಲ್ಲಿರುವ ಯೀಸ್ಟುಗಳು ಯಾರ ಅಪ್ಪಣೆಯನ್ನೂ ಕೇಳದೆ ಕೆಲಸಕ್ಕೆ ತೊಡಗುತ್ತವೆಂಬುದನ್ನು ಮರೆಯಬಾರದು. ಆ ದಿನದ ರಸವನ್ನು ಆ ದಿನವೇ ತೀರಿಸುವುದು ಉಚಿತ.

ರಾಗಿಯು ಮಾಲ್ಟಿಗೆ ಒದಗುವ ಧಾನ್ಯವೆಂಬುದು ಕೇವಲ ಊರಭಿಮಾನದ ಮಾತಲ್ಲ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಎಂಬ ವಿಜ್ಞಾನಿಗಳು ಉಷ್ಣವಲಯದ ಹಲವು ಧಾನ್ಯಗಳನ್ನು ಮೊಳೆಯಿಸಿ ಹೋಲಿಸಿದರು. ಅವರ ಪ್ರಬಂಧವೊಂದು ೧೯೮೬ರಲ್ಲಿ ಇಂಗ್ಲೆಂಡಿನ ಬಿಯರ್ ತಯಾರಿಕಾ ಸಂಸ್ಥೆಯ ನಿಯತಕಾಲಿಕೆಯಲ್ಲಿಯೇ ಅಚ್ಚಾಯಿತು. ಕಿರುಧಾನ್ಯಗಳ ಪೈಕಿ ಪಿಷ್ಟವನ್ನು ಕರಗಿಸುವ ಅಮೈಲೇಸ್ ಕಿಣ್ವವನ್ನು ಯಥೇಷ್ಟವಾಗಿ ಬೆಳೆಸಿಕೊಳ್ಳುವುದರಲ್ಲಿ ರಾಗಿಗೆ ಮೇಲಿನ ಸ್ಥಾನವಿದೆ. ಆ ಸಂಶೋಧನೆಗಳ ಗುರಿ ಬಿಯರಾಗಿರಲಿಲ್ಲ, ಶಿಶುವಿನ ಆಹಾರವಾಗಿತ್ತು. ಗಟ್ಟಿಯಾದ ಗಂಜಿಗೆ ಒಂದು ಚಮಚ ಮೊಳಕೆಯ ಹಿಟ್ಟನ್ನು ಬೆರೆಸಿದರೆ ಅದು ನೋಡನೋಡುತ್ತಿದ್ದಂತೆ ತೆಳುವಾಗುತ್ತದೆ. ತೆಳುವಾದುದರಿಂದ ಮಗುವಿನ ಸಣ್ಣ ಹೊಟ್ಟೆಗೆ ಹೆಚ್ಚು ಸಾರವನ್ನು ಇಳಿಸಬಹುದಾಗುತ್ತದೆ. ಬಿಯರ್ ತಯಾರಕನ ಪಾತ್ರೆಯಲ್ಲಿ ನಡೆಯುವುದೂ ಇದೇ ಘಟನೆ, ಅಷ್ಟೇ ಅಲ್ಲ, ಅಲ್ಲಿ ಅದನ್ನು ಕೊನೆಯವರೆಗೂ ನಡೆಯಗೊಟ್ಟು ಪಿಷ್ಟವೆಲ್ಲ ಸಿಹಿಯಾಗುವಂತೆ ಮಾಡುತ್ತಾರೆ. ಬಾರ್ಲಿಯು ಮೊಳೆಯುವುದಕ್ಕೆ ಹದಿನೈದು ಹದಿನೆಂಟು ಡಿಗ್ರಿಯ ತಂಪನ್ನೂ ನಾಲ್ಕೈದು ದಿನಗಳ ಅವಧಿಯನ್ನೂ ಬೇಡುವಾಗ, ರಾಗಿಗೆ ಇಪ್ಪತ್ತೈದರಿಂದ ಮೂವತ್ತು ಡಿಗ್ರಿಯ ನಮ್ಮ ಸಹಜ ಹವೆಯೇ ಒಪ್ಪುತ್ತದೆ; ಎರಡು ಮೂರು ದಿನಗಳಲ್ಲಿ ಕೆಲಸ ಪೂರೈಸುತ್ತದೆ. ಇನ್ನೊಂದು ಸ್ವಾರಸ್ಯವನ್ನು ಹೇಳದಿರಲಾರೆ. ರಾಗಿ ಲಕ್ಷ್ಮಣಯ್ಯನೆಂದೇ ಖ್ಯಾತರಾದ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದಾಗ, ಮಡಕೆಯ ಸುತ್ತ ಕುಳಿತು ಕುಡಿಯುವ ಜನರ ರಾಗಿಯು ಮುದ್ದೆಯುಣ್ಣುವ ಜನರ ಹೊಲಗಳಿಗೆ ಎರಡನೆಯ ಬಾರಿ ಬಂದಂತಾಯಿತು.

ಇಷ್ಟಾದರೂ ರಾಗಿಯೊಂದರಿಂದಲೇ ಪೂರ್ಣಧಾನ್ಯ ಪದ್ಧತಿಯನ್ನು ನಡೆಸಹೊರಟವನಿಗೆ ಮೂರು ತೊಡಕುಗಳು ಎದುರಾಗುತ್ತವೆ. ಬಾರ್ಲಿಗೆ ಬಿಗಿಯಾದ ಹೊಟ್ಟು ಇದೆ. ಒಡೆದ ಮೇಲೆ ಆ ಹೊಟ್ಟೇ ಪಾತ್ರೆಯ ತಳದಲ್ಲಿ ಜರಡಿಯ ಹಾಸಾಗಿ ನಿಂತು ರಸವನ್ನು ತಿಳಿಯಾಗಿ ಇಳಿಸುತ್ತದೆ. ರಾಗಿಗೆ ಅಂಥ ಹೊಟ್ಟಿಲ್ಲ. ಬಿಸಿನೀರಿನಲ್ಲಿ ನೆನೆಯಿಸಿದ ಅದರ ಕಾಳಿನ ಮಿಶ್ರಣವು, ಎಂದರೆ ಮ್ಯಾಶು, ಬಿಸಿಯಾದ ಅಂಬಲಿಯಾಗಿಯೇ ನಿಂತುಬಿಡುತ್ತದೆ, ತೂಬು ಕಟ್ಟುತ್ತದೆ. ಅಕ್ಕಿಯ ಗಿರಣಿಯಿಂದ ತಂದ ಬತ್ತದ ಹೊಟ್ಟನ್ನು ಚೆನ್ನಾಗಿ ತೊಳೆದು ಬೆರೆಸುವುದು ಇದಕ್ಕೆ ಬಲ್ಲವರ ಉಪಾಯ. ಎರಡನೆಯದಾಗಿ, ರಾಗಿಯ ಕಾಳು ತೀರ ಸಣ್ಣದಾದುದರಿಂದ ಬಾರ್ಲಿಗೆ ಹೊಂದಿಸಿದ ಉರುಳೆಗಳ ನಡುವೆ ಬಹುಪಾಲು ಒಡೆಯದೆಯೇ ಜಾರಿಹೋಗುತ್ತದೆ; ಅದನ್ನು ಬೇರೆಯಾಗಿಯೇ ಬೀಸಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಬಾರ್ಲಿಯ ಪಿಷ್ಟವು ಅರವತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ಅರಳಿ ಕಿಣ್ವಕ್ಕೆ ವಶವಾಗುವಾಗ, ರಾಗಿಯ ಪಿಷ್ಟವು ಅರಳುವುದಕ್ಕೆ ಅದಕ್ಕಿಂತ ಹೆಚ್ಚಿನ ಶಾಖವನ್ನು ಬೇಡುತ್ತದೆ, ಆ ಶಾಖಕ್ಕೆ ಏರಿಸಿದರೆ ಸಕ್ಕರೆ ಮಾಡುವ ಕಿಣ್ವಗಳಲ್ಲಿ ಸೂಕ್ಷ್ಮವಾದುದು ನಷ್ಟವಾಗುತ್ತದೆ. ಆದುದರಿಂದಲೇ ಬೆಂಗಳೂರಿನ ಸಣ್ಣ ಬಿಯರ್ ಮನೆಗಳಲ್ಲಿ ರಾಗಿಯ ಹೆಸರು ಹೇಳುವ ಪಾನೀಯಗಳು ಕಾಣಿಸಿಕೊಂಡಾಗಲೂ ಬಾರ್ಲಿಯ ಆಸರೆ ತಪ್ಪುವುದು ಕಷ್ಟ. ರಾಗಿಯನ್ನು ಮೊದಲು ಗಂಜಿಯಾಗಿ ಬೇಯಿಸಿ, ಆ ಕುದಿಯುವ ಗಂಜಿಯನ್ನು ಬಾರ್ಲಿಯ ಮ್ಯಾಶಿಗೆ ಸುರಿದು, ಒಂದೇ ಏಟಿಗೆ ಧಾನ್ಯವನ್ನೂ ಶಾಖವನ್ನೂ ಸೇರಿಸುವುದು ಉಳಿದೆಲ್ಲ ಉಪಾಯಗಳಿಗಿಂತ ಲೇಸೆಂದು ನನ್ನ ಮತ. ಕಲಕುವುದಕ್ಕೆ ಪಾಶ್ಚಾತ್ಯ ಅಂಗಡಿಗಳಲ್ಲಿ ಮಾರುವ ಹುಟ್ಟು ಬೇಕಾಗಿಲ್ಲ, ಮುದ್ದೆಕೋಲೇ ಸಾಕು.

ಇನ್ನು ಪಾತ್ರೆಯ ಗಣಿತ. ಇದು ಹಳೆಯ ವಿದ್ಯೆಗೆ ಹೊಸದಾಗಿ ಸೇರಿದ ಅಂಗವೆಂಬುದು ಗಮನಿಸತಕ್ಕ ಸಂಗತಿ. ಲಂಡನ್ನಿನ ಮೈಕಲ್ ಕೂಂಬ್ರೂನ್ ೧೭೬೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಥರ್ಮಾಮೀಟರಿನ ಉಪಯೋಗವನ್ನು ಪ್ರತಿಪಾದಿಸುವವರೆಗೆ ನೀರಿನ ಹದವನ್ನು ಕೈಯಿಂದಲೂ ಕಣ್ಣಿನಿಂದಲೂ ಅಳೆಯುತ್ತಿದ್ದರು. ಜಾನ್ ರಿಚರ್ಡ್‌ಸನ್ ೧೭೮೪ರಲ್ಲಿ ದ್ರವದ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರನ್ನು ರಸದಲ್ಲಿ ತೇಲಿಬಿಟ್ಟು ನೋಡಿದಾಗ, ಅಗ್ಗವೆಂದು ಎಲ್ಲರೂ ಕೊಳ್ಳುತ್ತಿದ್ದ ಕಂದು ಮಾಲ್ಟಿಗಿಂತ ದುಬಾರಿಯಾದ ಬಿಳಿಯ ಮಾಲ್ಟು ಹೆಚ್ಚು ಸಾರವನ್ನು ಕೊಡುವುದರಿಂದ ವಾಸ್ತವವಾಗಿ ಅದೇ ಅಗ್ಗವೆಂದು ಗೊತ್ತಾಯಿತು. ಇಂಗ್ಲೆಂಡಿನ ಪೋರ್ಟರ್ ಬಿಯರಿನ ಸ್ವರೂಪವೇ ಅದರಿಂದ ಬದಲಾಯಿತು. ಎರಡು ಸಣ್ಣ ಉಪಕರಣಗಳು ಒಂದು ಉದ್ಯಮದ ಲೆಕ್ಕಪುಸ್ತಕವನ್ನು ತಿದ್ದಿದ ಕಥೆಯಿದು.

ಅಭ್ಯಾಸಿಯು ಮೊಟ್ಟಮೊದಲು ಅಳೆಯಬೇಕಾದುದು ಧಾನ್ಯವನ್ನಲ್ಲ, ಪಾತ್ರೆಯನ್ನು. ಒಳವ್ಯಾಸ ೩೬ ಸೆಂಟಿಮೀಟರ್ ಇರುವ ನೇರವಾದ ಸ್ಟೀಲಿನ ದಬರಿಯಲ್ಲಿ ಪ್ರತಿ ಒಂದು ಸೆಂಟಿಮೀಟರ್ ಎತ್ತರಕ್ಕೂ ಹೆಚ್ಚುಕಡಮೆ ಒಂದು ಲೀಟರ್ ನೀರು ಹಿಡಿಯುತ್ತದೆ. ಗೆರೆ ಕೊರೆದ ಕೋಲೊಂದಿದ್ದರೆ ಇಂಥ ಪಾತ್ರೆಯಲ್ಲಿ ಲೀಟರುಗಳನ್ನು ನೇರವಾಗಿ ಓದಬಹುದು. ಕೊಳ್ಳುವ ಸ್ವಾತಂತ್ರ್ಯವಿರುವವನು ಈ ವ್ಯಾಸವನ್ನೇ ಆರಿಸಿಕೊಂಡರೆ ಮುಂದಿನ ಎಷ್ಟೋ ತಲೆನೋವು ತಪ್ಪುತ್ತದೆ. ಸೇರು, ಪಾವುಗಳಲ್ಲಿ ಧಾನ್ಯವನ್ನು ಅಳೆಯುವ ನಮ್ಮ ರೂಢಿಯನ್ನು ಮಾತ್ರ ಇಲ್ಲಿ ಬಿಡಬೇಕು. ಒಂದು ಸೇರು ಹಸಿ ರಾಗಿಯೂ ಒಂದು ಸೇರು ಮೊಳಕೆಯ ರಾಗಿಯೂ ಸಮತೂಕದವಲ್ಲ.

ನೀರಿನ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕೆಂಬುದು ಇಲ್ಲಿನ ಮುಖ್ಯ ಮರ್ಮ. ಕೊನೆಯಲ್ಲಿ ೨೦ ಲೀಟರ್ ತಣ್ಣನೆಯ ರಸ ಬೇಕೆಂದು ಇಟ್ಟುಕೊಳ್ಳೋಣ. ಕುದಿಸಿದ ಪಾತ್ರೆಯ ತಳದಲ್ಲಿ ಗಷ್ಟದೊಡನೆ ೨ ಲೀಟರ್ ಉಳಿದುಹೋಗುತ್ತದೆ. ಎಂದರೆ ತಣ್ಣಗಾದಾಗ ೨೨ ಲೀಟರ್ ಇರಬೇಕು. ಕುದಿಯಿಂದ ತಣಿಯುವಾಗ ದ್ರವವು ನೂರಕ್ಕೆ ನಾಲ್ಕರಷ್ಟು ಕುಗ್ಗುವುದರಿಂದ ಒಲೆಯ ಮೇಲೆ ಅದು ಸುಮಾರು ೨೩ ಲೀಟರ್. ಒಂದು ಗಂಟೆಯ ಕುದಿತದಲ್ಲಿ ೪ ಲೀಟರ್ ಆವಿಯಾಗುವುದಾದರೆ ಕುದಿಯುವ ಮೊದಲು ೨೭ ಲೀಟರ್ ಸಿಹಿರಸ ಕೈಗೆ ಬರಬೇಕು. ೫ ಕಿಲೋಗ್ರಾಂ ಮಾಲ್ಟು ತಾನು ಹೀರಿ ಹಿಂದಿರುಗಿಸದ ನೀರು ಕಿಲೋಗೆ ಒಂದರಂತೆ ೫ ಲೀಟರ್. ನೆನೆಯಿಸುವ ಪಾತ್ರೆಯ ನಲ್ಲಿಯ ಕೆಳಗೆ ಬಸಿಯದೆ ನಿಲ್ಲುವುದು ೧ ಲೀಟರ್. ಒಟ್ಟು ೩೩ ಲೀಟರ್ ನೀರು. ಇದರಲ್ಲಿ ಕಿಲೋಗೆ ಮೂರು ಲೀಟರಿನಂತೆ ೧೫ ಲೀಟರನ್ನು ಮೊದಲು ಕಾಳಿಗೆ ಹಾಕಿದರೆ ೯ ಲೀಟರ್ ರಸ ಇಳಿಯುತ್ತದೆ. ಮಿಕ್ಕ ೧೮ ಲೀಟರನ್ನು ತೊಳೆನೀರಾಗಿ ಹಾಕಿ ಕಾಳಿನಲ್ಲಿ ಉಳಿದ ಸಿಹಿಯನ್ನು ತೊಳೆದುಕೊಂಡರೆ ೨೭ ಲೀಟರ್ ಪೂರ್ತಿಯಾಗುತ್ತದೆ. ಪಾತ್ರೆಯ ಗಾತ್ರವೂ ಇದರಿಂದಲೇ ಸಿದ್ಧವಾಗುತ್ತದೆ: ಕಿಲೋ ಕಾಳು ಸುಮಾರು ಮುಕ್ಕಾಲು ಲೀಟರಿಗೆ ಕೊಂಚ ಕಡಮೆ ಸ್ಥಳವನ್ನು ಆಕ್ರಮಿಸುವುದರಿಂದ ನೆನೆಯಿಸುವ ಪಾತ್ರೆ ೨೫ ಲೀಟರಿನದಾದರೆ ಸಾಕು, ಆದರೆ ಉಕ್ಕುವ ನೊರೆಯನ್ನು ತಡೆಯುವುದಕ್ಕಾಗಿ ಕುದಿಸುವ ಪಾತ್ರೆ ೪೦ ಲೀಟರಿಗೆ ಹತ್ತಿರವಾಗಿರಬೇಕು.

ಮೇಲಿನ ಅಂಕಿಗಳಲ್ಲಿ ಯಾವುದನ್ನೂ ವೇದವಾಕ್ಯವೆಂದು ಎಣಿಸಬಾರದು. ವಿಶೇಷವಾಗಿ ಆವಿಯ ಅಂಕಿ. ಗಂಟೆಗೆ ನೂರಕ್ಕೆ ಹತ್ತು ಭಾಗ ಆವಿಯಾಗುತ್ತದೆಂದು ಅನೇಕ ಪುಸ್ತಕಗಳು ಬರೆಯುತ್ತವೆ. ಆದರೆ ಆವಿಯು ಪಾತ್ರೆಯ ಬಾಯಿಯ ಅಗಲವನ್ನೂ ಉರಿಯ ಬಲವನ್ನೂ ಅವಲಂಬಿಸಿದೆಯೇ ಹೊರತು ಒಳಗಿರುವ ದ್ರವದ ಪ್ರಮಾಣವನ್ನಲ್ಲ. ಅದೇ ದಬರಿಯಲ್ಲಿ ಅದೇ ಉರಿಯ ಮೇಲೆ ಹತ್ತು ಲೀಟರ್ ಕುದಿಸಿದರೂ ಇಪ್ಪತ್ತೇಳು ಲೀಟರ್ ಕುದಿಸಿದರೂ ಹೋಗುವುದು ಅದೇ ನಾಲ್ಕು ಲೀಟರು. ಗ್ಯಾಸಿನ ಬದಲು ಸೌದೆಯ ದೊಡ್ಡ ಉರಿಯಿಟ್ಟು ಆರು ಲೀಟರ್ ಹಾರಿಹೋಯಿತೆನ್ನಿ. ರಸ ೨ ಲೀಟರ್ ಕಡಮೆಯಾಗುವುದಲ್ಲದೆ ೧.೦೪೮ ಇರಬೇಕಾದ ವಿಶಿಷ್ಟ ಗುರುತ್ವವು, ಎಂದರೆ ನೀರಿಗೆ ಹೋಲಿಸಿದ ಸಾಂದ್ರತೆಯು, ೧.೦೫೨ನ್ನು ಮೀರುತ್ತದೆ. ಇದನ್ನು ತಿಳಿಯುವ ವಿಧಾನ ಅತಿ ಸರಳ: ಒಂದು ದಿನ ಬರಿಯ ನೀರನ್ನು ಅದೇ ಒಲೆಯ ಮೇಲೆ ಒಂದು ಗಂಟೆ ಕುದಿಸಿ, ಮೊದಲೂ ಕೊನೆಯೂ ಕೋಲಿನಿಂದ ಅಳೆಯುವುದು. ನೀರಿಗೇನೂ ಬೆಲೆಯಿಲ್ಲ, ಮಾಲ್ಟಿಗೆ ಉಂಟು.

ಕಾಳಿನ ತೂಕ ೫ ಕಿಲೋ ಎಂದುದು ಎಲ್ಲಿಂದ ಬಂತೆಂದು ಓದುಗರು ಕೇಳಬಹುದು. ಗುರುತ್ವದ ದಶಮಾಂಶದ ಬಳಿಕ ಬರುವ ಅಂಕಿಯನ್ನು ಅಂಶಗಳೆಂದು ಎಣಿಸುವುದು ಈ ಕ್ಷೇತ್ರದ ರೂಢಿ, ೧.೦೪೮ ಎಂದರೆ ೪೮ ಅಂಶ. ೨೨ ಲೀಟರಿಗೆ ೪೮ರಂತೆ ೧,೦೫೬ ಅಂಶಗಳು ಬೇಕು. ಒಳ್ಳೆಯ ಬಾರ್ಲಿ ಮಾಲ್ಟಿನ ಒಂದು ಕಿಲೋ ತನ್ನ ಸರ್ವಸ್ವವನ್ನೂ ಒಂದು ಲೀಟರಿಗೆ ಬಿಟ್ಟುಕೊಟ್ಟರೆ ಸುಮಾರು ೩೦೦ ಅಂಶಗಳಾಗುತ್ತವೆ. ಆದರೆ ಸರ್ವಸ್ವವನ್ನು ಯಾವ ಕಾಳೂ ಕೊಡುವುದಿಲ್ಲ. ನೂರಕ್ಕೆ ಎಪ್ಪತ್ತು ಕೊಟ್ಟರೆ ೨೧೦. ೧,೦೫೬ನ್ನು ೨೧೦ರಿಂದ ಭಾಗಿಸಿದರೆ ೫. ಇಲ್ಲಿ ಎಪ್ಪತ್ತು ಎಂಬ ಫಲಾಂಶವು ಕೇವಲ ಆರಂಭದ ಊಹೆ. ನಿಜವಾದ ಅಂಕಿಯು ಕುದಿಗೆ ಮೊದಲು ರಸವನ್ನು ಅಳೆದಾಗ ಗೊತ್ತಾಗುತ್ತದೆ: ತಣ್ಣನೆಯ ಲೆಕ್ಕಕ್ಕೆ ತಂದ ೨೬ ಲೀಟರ್ ರಸದಲ್ಲಿ ಗುರುತ್ವ ೧.೦೪೦ ಕಂಡರೆ ೧,೦೪೦ ಅಂಶಗಳು. ಐದು ಕಿಲೋದಲ್ಲಿ ಇದ್ದುದು ೧,೫೦೦. ಫಲಾಂಶ ನೂರಕ್ಕೆ ೬೯. ಮುಂದಿನ ಬಾರಿ ಈ ೬೯ನ್ನು ಸೂತ್ರಕ್ಕೆ ಹಾಕಬೇಕು. ಫಲಾಂಶವನ್ನು ಎಂಬತ್ತೈದಕ್ಕೆ ಏರಿಸುವುದೇ ಪರಮಪುರುಷಾರ್ಥವೆಂದು ಬಗೆದು ಕಾಳನ್ನು ಹಿಟ್ಟು ಮಾಡಿ, ತೊಳೆದು ತೊಳೆದು, ಒಗರನ್ನೂ ರಸಕ್ಕೆ ಇಳಿಸಿಕೊಳ್ಳುವವರನ್ನು ಕಂಡರೆ ನನಗೆ ಮರುಕ ಹುಟ್ಟುತ್ತದೆ. ಫಲಾಂಶವು ಹೆಚ್ಚಾಗಿರುವುದಕ್ಕಿಂತ ಪ್ರತಿಸಲವೂ ಒಂದೇ ಆಗಿರುವುದು ಮುಖ್ಯ.

ಶಾಖದ ಲೆಕ್ಕದಲ್ಲಿಯೇ ಈ ಸೀಮೆಯ ವೈಶಿಷ್ಟ್ಯ ಎದ್ದು ಕಾಣುವುದು. ಒಂದು ಕಿಲೋ ಒಣ ಕಾಳನ್ನು ಬಿಸಿ ಮಾಡುವುದಕ್ಕೆ ಬೇಕಾದ ಶಾಖವು ಒಂದು ಲೀಟರ್ ನೀರಿಗೆ ಬೇಕಾದುದರ ಸುಮಾರು ೦.೪೧ ಪಾಲು, ಆದುದರಿಂದ ಐದು ಕಿಲೋ ಮಾಲ್ಟು ಶಾಖದ ದೃಷ್ಟಿಯಿಂದ ಎರಡು ಲೀಟರ್ ನೀರಿಗೆ ಸಮ. ಕಾಳು ೨೬ ಡಿಗ್ರಿಯಲ್ಲಿದ್ದು ಮ್ಯಾಶು ೬೬ ಡಿಗ್ರಿಯಲ್ಲಿ ನಿಲ್ಲಬೇಕಾದರೆ, ಈ ಎರಡು ಲೀಟರನ್ನು ೪೦ ಡಿಗ್ರಿ ಏರಿಸುವ ಭಾರವು ಹದಿನೈದು ಲೀಟರ್ ನೀರಿನ ಮೇಲೆ ಬಿದ್ದು, ಅದು ಐದೂವರೆ ಡಿಗ್ರಿ ಇಳಿಯುತ್ತದೆ. ಎಂದರೆ ನೀರನ್ನು ೭೧.೫ಕ್ಕೆ ಕಾಯಿಸಬೇಕು. ನಾಲ್ಕು ಕಿಲೋ ತೂಕದ ಸ್ಟೀಲ್ ಪಾತ್ರೆಯು ತನ್ನ ಪಾಲಿಗೆ ಅರ್ಧ ಲೀಟರ್ ನೀರಿನಷ್ಟು ಶಾಖವನ್ನು ನುಂಗಿ ಇನ್ನೊಂದು ಡಿಗ್ರಿ ಚಿಲ್ಲರೆಯನ್ನು ಬೇಡುತ್ತದೆ. ಆದುದರಿಂದ ೭೩ ಎನ್ನೋಣ. ಮಾಗಡಿಯ ಮಾರ್ಗಶಿರದ ಬೆಳಗಿನಲ್ಲಿ ಕಾಳೂ ಪಾತ್ರೆಯೂ ೧೮ ಡಿಗ್ರಿಯಲ್ಲಿದ್ದರೆ ಇದು ೭೪ ಆಗುತ್ತದೆ. ಚೈತ್ರದ ಮಧ್ಯಾಹ್ನ ೩೪ ಡಿಗ್ರಿಯಲ್ಲಿದ್ದರೆ ೭೧ ಚಿಲ್ಲರೆಗೆ ಸಾಕು. ಸುಮಾರು ಮೂರು ಡಿಗ್ರಿಗಳ ಈ ಅಂತರವು ಅಲ್ಪವೆಂದು ತೋರಬಹುದು. ಆದರೆ ಅರವತ್ತುನಾಲ್ಕರಲ್ಲಿ ನಿಂತ ಮ್ಯಾಶು ಯೀಸ್ಟಿಗೆ ಪೂರ್ತಿ ಒಗ್ಗುವ ತೆಳುವಾದ ರಸವನ್ನು ಕೊಡುತ್ತದೆ, ಅರವತ್ತೊಂಬತ್ತರಲ್ಲಿ ನಿಂತುದು ಹುದುಗದೆ ಉಳಿಯುವ ಸಿಹಿಯನ್ನೂ ಮೈಯನ್ನೂ ಕೊಡುತ್ತದೆ. ಬಾಣಂತಿಯ ಮಾಲ್ಟಿಗೆ ಇದರಿಂದ ಏನೂ ಕೇಡಿಲ್ಲ. ಬಿಯರಿಗೆ ಇದೇ ಎಲ್ಲ.

ಇದಕ್ಕೂ ಸೂಕ್ಷ್ಮವಾದುದು ಎತ್ತರದ ಪ್ರಭಾವ. ರಾಮನಗರ ಚನ್ನಪಟ್ಟಣಗಳು ಸಮುದ್ರಮಟ್ಟದಿಂದ ಸುಮಾರು ಏಳುನೂರ ನಲವತ್ತು ಮೀಟರ್ ಮೇಲಿವೆ, ಮಾಗಡಿ ಒಂಬೈನೂರರ ಮೇಲಿದೆ. ನೀರು ರಾಮನಗರದಲ್ಲಿ ಸುಮಾರು ೯೭.೫ ಡಿಗ್ರಿಗೂ ಮಾಗಡಿಯಲ್ಲಿ ೯೭ಕ್ಕೂ ಕುದಿಯುತ್ತದೆ. ಕುದಿಯುವ ನೀರಿನಲ್ಲಿ ಅದ್ದಿ ೧೦೦ ತೋರಿಸದಿದ್ದರೆ ಥರ್ಮಾಮೀಟರು ಸುಳ್ಳೆಂದು ಪುಸ್ತಕ ಹೇಳಿದುದನ್ನು ನಂಬಿ ತಿದ್ದಹೊರಟವನು, ಸರಿಯಾಗಿದ್ದ ಉಪಕರಣವನ್ನು ಎರಡೂವರೆ ಡಿಗ್ರಿ ಕೆಡಿಸಿದಂತಾಗುತ್ತದೆ. ಮೇಲೆ ಹೇಳಿದ ರಾಗಿಗಂಜಿಯ ಕ್ರಮಕ್ಕೂ ಇದು ಅನ್ವಯಿಸುತ್ತದೆ. ೫೦ ಡಿಗ್ರಿಯಲ್ಲಿರುವ ಹತ್ತು ಲೀಟರ್ ಮ್ಯಾಶಿಗೆ ಕುದಿಯುವ ಐದು ಲೀಟರ್ ಗಂಜಿಯನ್ನು ಸುರಿದರೆ, ಗಂಜಿಯನ್ನು ನೂರು ಡಿಗ್ರಿಯೆಂದು ಎಣಿಸಿದವನಿಗೆ ೬೬.೭ ಬರಬೇಕು; ಮಾಗಡಿಯಲ್ಲಿ ಬರುವುದು ೬೫.೭. ರಾಮನಗರದ ರೇಷ್ಮೆಗೂಡು ಬಿಚ್ಚುವವರಿಗೆ ನೀರಿನ ಹದವು ನೂಲಿನ ಗುಣವನ್ನು ಹೇಗೆ ನಿರ್ಣಯಿಸುತ್ತದೆಂದು ಯಾರೂ ಕಲಿಸಬೇಕಾಗಿಲ್ಲ. ಅವರ ಕೈಗೆ ಒಂದು ಥರ್ಮಾಮೀಟರನ್ನು ಕೊಟ್ಟರೆ ಒಳ್ಳೆಯ ಮ್ಯಾಶುಗಾರರಾಗುವರೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನೀರಿನ ಗುಣದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟ್ ಗ್ರಾನೈಟೆಂದು ಭೂವಿಜ್ಞಾನಿಗಳು ಕರೆಯುವ ಬಂಡೆಯ ಪಟ್ಟಿಯಲ್ಲಿ ಕೊರೆದ ಕೊಳವೆಬಾವಿಗಳ ನೀರು ಬಹುಕಡೆ ಗಡುಸು. ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿಯ ಪೊರೆ ಅದಕ್ಕೆ ಸಾಕ್ಷಿ. ಇಂಥ ನೀರಿನ ಬೈಕಾರ್ಬೊನೇಟು ಮ್ಯಾಶಿನ ಆಮ್ಲತೆಯನ್ನು ತಗ್ಗಿಸಿ, ೫.೨ರಿಂದ ೫.೬ರೊಳಗೆ ಇರಬೇಕಾದ ಪಿಎಚ್ ಅಂಕಿಯನ್ನು ಮೇಲಕ್ಕೊಯ್ದು, ಕಿಣ್ವವನ್ನು ನಿಧಾನಗೊಳಿಸಿ ಹೊಟ್ಟಿನ ಒಗರನ್ನು ಸೆಳೆಯುತ್ತದೆ. ನೀರನ್ನು ಮುನ್ನಾದಿನವೇ ಕುದಿಸಿ ಪೊರೆಯನ್ನು ಕೆಳಗಿಳಿಸಿ ತಿಳಿಯನ್ನು ಬಗ್ಗಿಸಿಕೊಳ್ಳುವುದು ಹಳೆಯ ಪರಿಹಾರ, ಲ್ಯಾಕ್ಟಿಕ್ ಆಮ್ಲದ ಕೆಲವು ಹನಿಗಳು ಹೊಸದು. ಕನಕಪುರ ರಸ್ತೆಯ ಹಾರೋಹಳ್ಳಿಯ ಮೂಲಕ ಬೆಂಗಳೂರಿಗೆ ಏರಿಹೋಗುವ ಕಾವೇರಿಯ ನೀರು ಇದಕ್ಕಿಂತ ಮೃದುವಾದುದು, ಆದರೆ ಅದರ ಕ್ಲೋರಿನ್ನನ್ನು ಕುದಿಸಿ ಕಳೆಯದಿದ್ದರೆ ಹುದುಗಿದ ಪಾನೀಯಕ್ಕೆ ಆಸ್ಪತ್ರೆಯ ವಾಸನೆ ಬರುತ್ತದೆ. ಬಿಯರಿಗೆ ಕಹಿಯನ್ನು ಕೊಡುವ ಹಾಪ್ಸಿನ ವಿಷಯದಲ್ಲಿ ಈ ಸೀಮೆಗೆ ಹೇಳಿಕೊಳ್ಳುವಂಥದೇನೂ ಇಲ್ಲ. ಅದು ತಂಪು ನಾಡಿನ ಬಳ್ಳಿ. ನಮ್ಮ ದೇಶದಲ್ಲಿ ಲಾಹೌಲದಂಥ ಹಿಮಾಲಯದ ಕಣಿವೆಗಳಲ್ಲಿ ಬೆಳೆಯುತ್ತದೆ.

ಹೈಡ್ರೋಮೀಟರು ಸಾಮಾನ್ಯವಾಗಿ ೨೦ ಡಿಗ್ರಿಗೆ ಹೊಂದಿಸಿದುದು. ನಮ್ಮ ೨೮ ಡಿಗ್ರಿಯ ಕೋಣೆಯಲ್ಲಿ ಅದು ಎರಡು ಅಂಶ ಕಡಮೆ ತೋರಿಸುತ್ತದೆ, ಅಷ್ಟನ್ನು ಕೂಡಿಸಿಕೊಳ್ಳಬೇಕು. ಮನೆಯ ಬಿಯರ್ ತಯಾರಿಕೆಯ ವಿಷಯವಾಗಿ ಚಾರ್ಲಿ ಪಪೇಜಿಯನ್ನನು ೧೯೮೪ರಲ್ಲಿ ಪ್ರಕಟಿಸಿದ ಗ್ರಂಥವು ಅಭ್ಯಾಸಿಯ ಅಂಜಿಕೆಯನ್ನು ಬಿಡಿಸುವುದಕ್ಕೂ, ಜಾನ್ ಪಾಮರನ ಗ್ರಂಥವು ಕಾರಣಗಳನ್ನು ತಿಳಿಸುವುದಕ್ಕೂ ಇಂದಿಗೂ ಸಮರ್ಥವಾಗಿವೆ. ಈಗ ಕಂಪ್ಯೂಟರಿನ ತಂತ್ರಾಂಶಗಳು ಈ ಎಲ್ಲ ಲೆಕ್ಕವನ್ನು ಕ್ಷಣದಲ್ಲಿ ಮಾಡಿಕೊಡುತ್ತವೆ. ಆದರೆ ಅವು ಕೇಳುವ ತಳದ ಉಳಿಕೆ, ಆವಿಯ ಪ್ರಮಾಣ, ಫಲಾಂಶ ಎಂಬ ಖಾಲಿ ಚೌಕಗಳಲ್ಲಿ ಮೊದಲೇ ತುಂಬಿಟ್ಟಿರುವ ಅಂಕಿಗಳು ಯಾವುದೋ ಪರದೇಶದ ಪಾತ್ರೆಯವು. ಅವನ್ನು ಅಳಿಸಿ ತನ್ನವನ್ನು ಬರೆಯುವ ಶಕ್ತಿ ಬರುವವರೆಗೆ ಕಾಗದದ ಮೇಲೆ ಕೈಯಿಂದಲೇ ಲೆಕ್ಕ ಹಾಕುವುದು ಮೇಲು. ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗಾದರೋ ರಸದಿಂದಾಚೆಯ ಹಂತಗಳೂ ತೆರೆದಿವೆ: ಅಲ್ಲಿ ವಯಸ್ಕರಿಬ್ಬರಿರುವ ಮನೆಗೆ ವರ್ಷಕ್ಕೆ ೨೦೦ ಗ್ಯಾಲನ್, ಎಂದರೆ ೭೫೦ ಲೀಟರಿಗೂ ಮೇಲ್ಪಟ್ಟು, ಮಾರಾಟಕ್ಕಲ್ಲದೆ ಸ್ವಂತಕ್ಕೆ ಮಾಡಿಕೊಳ್ಳಲು ಅನುಮತಿಯುಂಟು. ೧.೦೪೮ರಲ್ಲಿ ಆರಂಭವಾದ ರಸವು ೧.೦೧೨ಕ್ಕೆ ಇಳಿದರೆ, ಆ ಅಂತರವನ್ನು ೧೩೧ರಿಂದ ಗುಣಿಸಿ ನೂರಕ್ಕೆ ೪.೭ರಷ್ಟು ಮದ್ಯಸಾರವೆಂದು ಅವರು ತಿಳಿಯುತ್ತಾರೆ. ಊರಿನಿಂದ ಬರುವ ಪೆಟ್ಟಿಗೆಯಲ್ಲಿ ರಾಗಿಹಿಟ್ಟು ತರಿಸಿಕೊಳ್ಳುವ ಆ ಮನೆಗಳಲ್ಲಿ ಒಂದೆರಡು ಕಿಲೋ ಇಡಿಯ ರಾಗಿಯೂ ಬಂದರೆ, ಗಂಜಿಯ ಕ್ರಮವನ್ನು ಕೊನೆಯ ಹಂತದವರೆಗೆ ಪರೀಕ್ಷಿಸುವುದು ಅಲ್ಲಿಯೇ ಸಾಧ್ಯ.

ಬಸಿದು ಉಳಿದ ಚರಟದ ಲೆಕ್ಕ ಒಂದು ಮಿಕ್ಕಿದೆ. ಐದು ಕಿಲೋ ಮಾಲ್ಟಿನಿಂದ ಎರಡೂಮುಕ್ಕಾಲು ಕಿಲೋದಷ್ಟು ಸಾರವು ರಸಕ್ಕೆ ಹೋದ ಮೇಲೆ ಎರಡು ಕಿಲೋ ಒಣ ಪದಾರ್ಥವೂ ಅದು ಹೀರಿದ ಐದು ಲೀಟರ್ ನೀರೂ ಸೇರಿ ಏಳು ಕಿಲೋ ಹಸಿ ಚರಟವಾಗುತ್ತದೆ. ಪಿಷ್ಟ ಹೋಗಿ ಸಸಾರಜನಕವೂ ನಾರೂ ಉಳಿದಿರುವ ಈ ಪದಾರ್ಥವನ್ನು ಹಸುಗಳು ಬಹು ಇಷ್ಟಪಟ್ಟು ತಿನ್ನುತ್ತವೆ; ಹಾಲಿನ ಡೈರಿಯನ್ನೇ ನಂಬಿರುವ ಕನಕಪುರದ ಹಳ್ಳಿಗಳಲ್ಲಿ ಇದು ವ್ಯರ್ಥವಾಗುವ ಪ್ರಶ್ನೆಯೇ ಇಲ್ಲ. ಬೇಸಗೆಯಲ್ಲಿ ಒಂದೇ ದಿನಕ್ಕೆ ಹುಳಿತು ಬೂಷ್ಟು ಹಿಡಿಯುವುದರಿಂದ ಆ ಸಂಜೆಯೇ ಬೂಸಾದೊಡನೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಇಡಬೇಕು; ಹಾಪ್ಸ್ ಬೆರೆತ ಗಷ್ಟವನ್ನು ಮಾತ್ರ ಇದರೊಡನೆ ಸೇರಿಸದೆ ತಿಪ್ಪೆಗೆ ಹಾಕತಕ್ಕದ್ದು.